ಮೊದಲ ಮಳಿ ತನಕ

ಎಳ್ಳಮಾಸಿ ಚರಗ ಚೆಲ್ಲಿ ಬಂದಿರತೀವಿ,
ಭಜ್ಜಿ ಪಲ್ಯದ ರುಚಿ ಇನ್ನ ನಾಲಿಗಿ ಮ್ಯಾಲೇ ಇರತದ,
ಅಷ್ಟರಾಗ ಚಿಂಚೋಳಿ ರೇಂಜ್ ಆಫೀಸಿನಿಂದ ಫೋನು:
‘ಝರಣಪ್ಪ, ಸೋಮವಾರದಿಂದ ಬಾ.’
ಎಲ್ಲಿ ತನಕ ಅಂತ ನಾ ಕೇಳಂಗಿಲ್ಲ.
ಮೊದಲ ಮಳಿ ತನಕ.

ಕೊಡೋದು ಒಂದು ಖಾಕಿ ಅಂಗಿ,
ಹೋದ ವರ್ಷದವನ ಬೆವರಿನ ಗೆರಿ ಸಮೇತ.
ಒಂದು ಬ್ಯಾಟರಿ, ಒಂದು ಸೀಟಿ.
ಪ್ಯಾಂಟು ನನ್ನದೇ.

ಮೊದಲ ವರ್ಷ ಗುಡ್ಡದ ನೆತ್ತಿ ಮ್ಯಾಲ ನಿಂತು
ಕೆಂಪಗ ಕಂಡಿದ್ದಕ್ಕೆಲ್ಲ ಸೀಟಿ ಊದೀನಿ.
ಓಡಿ ಬಂದ ಗಾರ್ಡ್ ಲಾಲಹ್ಮದ್ ಸಾಬ್ರು
ಕಣ್ಣಿಗಿ ಕೈ ಅಡ್ಡ ಹಿಡದು ನೋಡಿ,
ಕಲ್ಲಿನ ಮ್ಯಾಲ ಕುಂತು ನಕ್ಕು ನಕ್ಕು ಹೇಳಿದ್ರು:
‘ಅರೇ, ಅದು ಮುತ್ತಲ ಹೂವ.
ಬೆಂಕಿ ಹಿಂಗ ಒಂದೇ ಕಡಿ ನಿಂದರಂಗಿಲ್ಲ.’

ಈಗ ಗೊತ್ತದ.
ಹೊಗಿ ಕಾಣಸೋ ಮೊದಲ ಕಾಜಾಣ ಹಕ್ಕಿ ಬರತಾವ,
ಹುಳ ಹಾರತಾವಂತ ಅವಕ್ಕ ಯಾರು ಹೇಳತಾರೋ.
ಫೆಬ್ರವರಿ ತುಂಬ ಗೆರಿ ಸುಡತೀವಿ,
ಬೆಂಕಿ ಬರಬಾರದಂತ ನಾವೇ ಹಚ್ಚಿ, ನಾವೇ ಆರಸಿ.

ಮಾರ್ಚ್ ಬಂತಂದ್ರ ಇಪ್ಪಿ ಹೂವ ಉದರತಾವ.
ತರಗಲಿಯೊಳಗ ಹೂವ ಕಾಣಂಗಿಲ್ಲ,
ಅದಕ ಗಿಡದ ಬುಡಕ ಕಡ್ಡಿ ಗೀರತಾರ.
ನಾ ಹಿಡದದ್ದು ತಾಂಡಾದ ಜಮಲಿಬಾಯಿಗಿ:
ಒಂದು ಬುಟ್ಟಿ, ನೀರಿನ ಬಾಟ್ಲಿ, ಸೆರಗು ಹಿಡದ ಮೊಮ್ಮಗಳು.
ಓಡಲಿಲ್ಲ ಆಕಿ. ‘ಬರಕೋ’ ಅಂದ್ಳು,
‘ಹೆಸರು ಬರಕೋ. ನಿನಗ ಐದು ತಿಂಗಳ ಪಗಾರ,
ನನಗ ಇಪ್ಪತ್ತು ದಿನದ ಹೂವ.’
ಪೆನ್ನು ಜೇಬಿನಾಗಿತ್ತು. ಅಲ್ಲೇ ಇತ್ತು.
ಮರುದಿನ ಮನಿ ಕಸಬರಗಿ ಒಯ್ದು
ನಸುಕಿನಾಗ ನಾಲ್ಕು ಗಿಡದ ಬುಡ ಉಡಗಿದೆ.
ಐದನೇದ್ದು ಆಕಿ ಉಡಗಿದ್ಳು, ಮಾತಾಡಲಾರದ.
ಕಾಯ್ದೆ ಏನಂತದೋ ಗೊತ್ತಿಲ್ಲ.
ಕಸಬರಗಿ ಎಲ್ಲಿ ಅಂತ ಚಂದಮ್ಮ ಇನ್ನೂ ಕೇಳತಾಳ.

ಏಪ್ರಿಲ್ ಇಪ್ಪತ್ತೊಂದಕ್ಕ ಗಾಳಿ ತಿರಗಿತು.
ಆ ಕಡಿ ತೆಲಂಗಾಣ, ಬೆಂಕಿಗಿ ಚೆಕ್‌ಪೋಸ್ಟ್ ಇಲ್ಲ.
ನಾವು ಏಳು ಮಂದಿ ಹಸಿ ಟೊಂಗಿ ಮುರಕೊಂಡು ಬಡದಿವಿ,
ರೆಪ್ಪಿ ಕೂದಲ ಸುಟ್ಟು ಉಂಡಿ ಆಗೋ ತನಕ ಬಡದಿವಿ.
ಹೊಗಿ ಆಚೆ ಯಾರೋ ತೆಲುಗಿನಾಗ ಬೈಕೋತ ಬಡೀಲತ್ತಿದ್ರು,
ಮಾರಿ ಕಾಣಲಿಲ್ಲ, ಕೆಮ್ಮು ಅಷ್ಟೇ ಕೇಳತಿತ್ತು.
ಬೆಳಕು ಹರಿದಾಗ ಬೂದಿ ನಡುವ ಎದುರಾ ಬದುರಾ ನಿಂತಿವಿ.
ಅವ ಬೀಡಿ ತುಟಿಗಿ ಇಟ್ಟು, ಕಡ್ಡಿ ಅದನೇನು ಅಂತ ಕೈ ಮಾಡಿ ಕೇಳಿದ.
ಇಬ್ಬರೂ ಒಬ್ಬರಿಗೊಬ್ಬರು ನೋಡಿದಿವಿ.
ಬೀಡಿ ತಗದು ಕಿವಿ ಮ್ಯಾಲ ಇಟಗೊಂಡ.

ಸಾಹೇಬ್ರು ಬರದದ್ದು: ಆರು ಹೆಕ್ಟೇರ್.
ಒಂದು ಟಿಟವಿ ಹಕ್ಕಿ ಬೂದಿ ಸುತ್ತ ತಿರಗಿ ತಿರಗಿ ಬೈತಿತ್ತು,
ಬೆಂಕಿಗಲ್ಲ, ನನಗೇ.

ಮೇ ತಿಂಗಳ ನೆರಳಿಗೂ ಜ್ವರ.
ಟ್ಯಾಂಕರ್ ನೀರು ಸಿಮೆಂಟಿನ ತಟ್ಟಿಗಿ ಬಿಟ್ಟು ದೂರ ಕುಂತ್ರ
ಮೊದಲ ಜೇನ ಬರತಾವ, ಆಮ್ಯಾಲ ನವಿಲ.
ಕಟ್ಟಕಡಿಗಿ ತ್ವಾಳ.
ನನ್ನ ಕಡಿ ನೋಡತದ, ನೀರಿನ ಕಡಿ ನೋಡತದ,
ನಾನೇನು ಅಷ್ಟು ದೊಡ್ಡವ ಅಲ್ಲಂತ ಕುಡೀತದ.

ಜೂನ್. ಊರೆಲ್ಲ ಮುಗಲ ನೋಡತದ.
ನಾನೂ ನೋಡತೀನಿ, ಎರಡು ಮನಸಿನಿಂದ.
ಬಂದೇ ಬಂತು ಒಂದು ರಾತ್ರಿ.
ಬೂದಿ ವಾಸನಿ ಒಮ್ಮಿ ಎದ್ದು, ರಾಡಿಯಾಗಿ, ಗುಡ್ಡ ಇಳಿದು ಹೋಯ್ತು.
ಬಾಯಿ ತೆರದು ನಿಂತಿದ್ದೆ ಖರೇ. ಸುಳ್ಳ್ಯಾಕ ಹೇಳಲಿ.

ಮುಂಜಾನಿ ಅಂಗಿ ಮಡಚಿ ಒಯ್ದು ಕೊಟ್ಟೆ.
ಕ್ಲರ್ಕ್ ಎಣಿಸಿದ: ಅಂಗಿ ಒಂದು, ಬ್ಯಾಟರಿ ಒಂದು. ಸೀಟಿ?
ಕಳದದ ಅಂದೆ. ಮೂವತ್ತು ರೂಪಾಯಿ ಮುರಕೊಂಡ.

ನಡುರಾತ್ರಿ ಒಮ್ಮೊಮ್ಮಿ ಹೊಗಿ ವಾಸನಿಗಿ ಎದ್ದು ಕೂಡತೀನಿ,
ದಿಂಬಿನ ಬುಡಕ ಕೈ ಹೋಗತದ.
ಚಂದಮ್ಮ ಕಣ್ಣು ತೆರೀದೇ ಅಂತಾಳ:
‘ಮಗ್ಗಲ ಮನಿಯವರು ಸೊಳ್ಳಿಗಿ ಹೊಗಿ ಹಾಕ್ಯಾರ.
ಊದಬ್ಯಾಡ.’