ಗೂಡು

ನಾವು ಮನೆ ಕಟ್ಟಲಿಲ್ಲ, ಕೊರೆದೆವು.
ಕೂಬರ್ ಪೀಡಿಯ ಕೆಂಪು ಗುಡ್ಡದ ಹೊಟ್ಟೆಯಲ್ಲಿ
ಅಡುಗೆಮನೆ, ಪಡಸಾಲೆ, ಮಲಗಲೊಂದು ಕೋಣೆ,
ಹುಟ್ಟದೇ ಹೋದ ಮಗುವಿಗೆಂದು ತೆಗೆದ ಇನ್ನೊಂದು;
ಈಗ ಅಲ್ಲಿ ನನ್ನ ಮೆಣಸಿನಕಾಯಿ ಜಾಡಿಗಳು.
ಹೊರಗೆ ನಲವತ್ತೇಳು ಡಿಗ್ರಿ ಉರಿಯುವಾಗಲೂ
ಒಳಗೆ ಇಪ್ಪತ್ತಮೂರು.
ಜನವರಿಗೂ ಜುಲೈಗೂ ಒಂದೇ ಅಂಗಿ ಸಾಕು.
ಕಿಟಕಿಯಿಲ್ಲ. ದೀಪ ಆರಿಸಿದರೆ
ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಮುಟ್ಟಿ ನೋಡಬೇಕು.

ನೆತ್ತಿಯ ಮೇಲೆ ಹನ್ನೆರಡು ಫಲಕ, ನಾಲ್ಕು ವರ್ಷದಿಂದ.
ಹಗಲಿನ ಬೆಳಕನ್ನು ತಂತಿಗೆ ಚಿಲ್ಲರೆಗೆ ಮಾರಿ
ಅದನ್ನೇ ರಾತ್ರಿ ನೋಟು ಕೊಟ್ಟು ಕೊಳ್ಳುತ್ತಿದ್ದೆವು.
'ಇದು ವ್ಯಾಪಾರವಲ್ಲ ಜೋರ್ಕಾ, ದಾನ' ಎಂದ ರಾದೊಯೆ,
ನಲವತ್ತು ವರ್ಷ ಓಪಲ್ ಹುಡುಕಿ
ಟ್ರಕ್ಕಿನ ಸಾಲ ತೀರಿಸಿದಷ್ಟೇ ಗಳಿಸಿದವನು.

ಪೋರ್ಟ್ ಅಗಸ್ಟಾದಿಂದ ಬಂದ ಹುಡುಗಿ ಟಾಲಿಯಾ
ಬೂಟು ಬಿಚ್ಚದೆ ಮೇಜಿಗೆ ಕೂತಳು, ಕೇಳಿದಳು:
'ನಿಮಗೆ ಎಷ್ಟು ರಾತ್ರಿ ಬೇಕಾಗುತ್ತೆ?'

ಹೀಗೆ ಯಾರೂ ಕೇಳಿರಲಿಲ್ಲ.
ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದೆವು:
ಫ್ರಿಜ್ಜು, ನೀರಿನ ಪಂಪು, ಅವನ ಮೂಗಿಗೆ ಕಟ್ಟುವ
ಉಸಿರಿನ ಯಂತ್ರ, ನಿದ್ದೆ ಬಾರದಾಗ ನಾನು ಹಾಕುವ ರೇಡಿಯೋ.
ರೇಡಿಯೋ ಬರೆದ ಮೇಲೆ ಅವನು ನನ್ನ ಮುಖ ನೋಡಿದ.
'ದಿನಾ ಏಳುತ್ತೀಯಾ?'
'ದಿನಾ ಅಲ್ಲ' ಎಂದೆ.
ಒಟ್ಟು ಏಳೂವರೆ ಯೂನಿಟ್ಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ,
ಇಲ್ಲಿ ಕಾಲು ಅಳೆದು ಹಾಸಿಗೆ ಕೊಳ್ಳಬೇಕು.
ಹತ್ತರದ್ದು ಸಾಕು, ನಾನು.
ಹದಿಮೂರೂವರೆಯದ್ದೇ ಇರಲಿ, ಅವನು,
ಮೋಡದ ದಿನಕ್ಕೆ.
ಎಂಥ ಮೋಡ? ಹೋದ ವರ್ಷ ಎಷ್ಟು ಬಂದವು, ಬೆರಳು ಮಡಿಚು.
ಮಡಿಚಿದ. ಒಂದು ಕೈ ಸಾಲಲಿಲ್ಲ, ಆದರೂ ನಾನೇ ಗೆದ್ದೆ.
ಗ್ಯಾರಂಟಿ ಹತ್ತು ವರ್ಷ ಎಂದಳು ಟಾಲಿಯಾ.
'ನನಗೆ ಎಪ್ಪತ್ತೊಂದು. ನನ್ನದಕ್ಕೆ ಗ್ಯಾರಂಟಿ ಯಾರು ಕೊಡ್ತಾರೆ?'
ಅವಳು ನಗಲೋ ಬೇಡವೋ ಎಂದು ಪೆನ್ನಿನ ಮುಚ್ಚಳ ತಿರುಗಿಸಿದಳು.

ತಕರಾರು ಶುರುವಾದದ್ದು ಗೋಡೆಯಲ್ಲಿ.
ಒಳಗೆ ತಂಪು, ಬ್ಯಾಟರಿಗೆ ಸ್ವರ್ಗ; ಆದರೆ
ಏನಾದರೂ ಹೊತ್ತಿಕೊಂಡರೆ ಹೊಗೆಗೆ ದಾರಿಯಿಲ್ಲ,
ನಿಮಗೂ ಇಲ್ಲ, ಎಂದಳು.
ಹೊರಗೆ ನೇತುಹಾಕಿದರೆ ಮಧ್ಯಾಹ್ನದ ಉರಿಗೆ
ಪೆಟ್ಟಿಗೆಯೂ ನಮ್ಮ ಹಾಗೇ ಕೆಲಸ ನಿಲ್ಲಿಸಿ ಕೂರುತ್ತದೆ.
ಮೂವರೂ ಬಾಗಿಲಲ್ಲಿ ನಿಂತೆವು,
ಅರ್ಧ ನೆರಳಲ್ಲಿ, ಅರ್ಧ ಬೆಂಕಿಯಲ್ಲಿ.
ರಾದೊಯೆ ಬೆರಳ ಗೆಣ್ಣಿನಿಂದ ಬಂಡೆ ತಟ್ಟುತ್ತ ನಡೆದ,
ಕಲ್ಲಂಗಡಿ ಆರಿಸುವವನಂತೆ.
ದಕ್ಷಿಣಕ್ಕೆ ಮುಖ ಮಾಡಿದ ಕಡೆ ನಿಂತ;
ಈ ದೇಶದಲ್ಲಿ ನೆರಳು ದಕ್ಷಿಣದ್ದು.
'ಇಲ್ಲೊಂದು ಗೂಡು ತೋಡ್ತೇನೆ. ಒಂದು ಮೊಳ ಆಳ.'

ಐದು ವರ್ಷದಿಂದ ಮುಟ್ಟದ ಯಂತ್ರ ಹೊರಬಂತು.
ಎರಡು ಬೆಳಗು ಗುಡ್ಡ ಗದಗದ ನಡುಗಿ
ನನ್ನ ಜಾಡಿಗಳು ಒಂದಕ್ಕೊಂದು ಹಲ್ಲು ಕಡಿದವು.
ಮೂರನೆಯ ಬೆಳಗು ಸದ್ದು ತಟ್ಟನೆ ನಿಂತಿತು.
ಓಡಿದೆ. ಅವನು ಮಂಡಿಯೂರಿದ್ದ,
ಕೈಯಲ್ಲಿ ಟಾರ್ಚು, ಬಾಯಲ್ಲಿ ಧೂಳು.
ಬಂಡೆಯ ಸೀಳಿನಲ್ಲಿ ಬೆರಳಗಲದ ಬೂದು ಹೊಳಪು.
ಉಗುಳಿ ಒರೆಸಿದ. ವಾಲಿಸಿ ನೋಡಿದ.
ಬಣ್ಣವಿಲ್ಲ. ಕಿಡಿಯಿಲ್ಲ.
ಓಪಲ್ ಆಗಬೇಕಾದದ್ದು ಮನಸ್ಸು ಬದಲಿಸಿದ ಕಲ್ಲು,
ಗಣಿಯವರು ಪಾಚ್ ಎಂದು ಎಸೆಯುವಂಥದ್ದು.
ನಮ್ಮ ಮಲಗುವ ಕೋಣೆಯಿಂದ ಹದಿನಾಲ್ಕು ಅಡಿ ದೂರದಲ್ಲಿ
ಇಷ್ಟು ಕಾಲವೂ ಇತ್ತು.

'ಇನ್ನೂ ಒಳಗೆ ಹೋದರೆ...' ಎಂದ.
ನಾನು ಮಾತಾಡಲಿಲ್ಲ.
ಟೇಪು ಹಿಡಿದು ಅಳೆದೆ: ಒಂದು ಮೊಳ, ಮೇಲೆರಡು ಬೆರಳು.
'ಗೂಡಿಗೆ ಇಷ್ಟು ಸಾಕು' ಎಂದೆ.
ಅವನು ಯಂತ್ರ ಕೆಳಗಿಟ್ಟದ್ದಕ್ಕೆ
ಎಷ್ಟು ಹೊತ್ತು ಹಿಡಿಯಿತೆಂದು ಹೇಳುವುದಿಲ್ಲ.

ಈಗ ಬಿಳಿ ಪೆಟ್ಟಿಗೆ ಆ ಸೀಳಿನ ಮೇಲೆಯೇ ಕೂತಿದೆ,
ನಾಲ್ಕು ಬೋಲ್ಟು, ಒಂದು ಹಸಿರು ಚುಕ್ಕೆ.
ಬಂದವರಿಗೆಲ್ಲ ಅವನು ತೋರಿಸುತ್ತಾನೆ:
ನಾನು ತೋಡಿದ ಗುಂಡಿಗಳಲ್ಲಿ
ಏನಾದರೂ ಇರುವುದು ಇದೊಂದರಲ್ಲೇ.

ಮೊನ್ನೆ ಊರಿಗೆ ಊರೇ ಕತ್ತಲಾದಾಗ
ನಮಗೆ ತಿಳಿಯಲೇ ಇಲ್ಲ.
ಎರಡು ಗಂಟೆಗೆ ಎದ್ದೆ. ರೇಡಿಯೋ ಹಾಕಿದೆ, ಮೆಲ್ಲಗೆ.
ಪಕ್ಕದ ಹಾಸಿಗೆಯಿಂದ, ಮುಖವಾಡದೊಳಗಿಂದ,
'ಸ್ವಲ್ಪ ಜೋರು ಮಾಡು.'