ಹೆಚ್ಚುವರಿ ಸಂಭಾಷಣೆ

ಬೋರ್‌ಹ್ಯಾಮ್‌ವುಡ್‌ನ ಆ ಕೆಂಪಿಟ್ಟಿಗೆ ಮನೆಯ ಮೇಲಿನ ಕೋಣೆ
ವಾರಕ್ಕೆ ಐದು ಪೌಂಡು, ಗ್ಯಾಸ್ ಮೀಟರಿಗೆ ಚಿಲ್ಲರೆ ಬೇರೆ.
ಆಸ್ಪತ್ರೆಯ ರಾತ್ರಿಪಾಳಿಗೆ ಹೊರಡುವ ಮುಂಚೆ
ಹಾಲಿನವನಿಗೆ ನಾನು ಬರೆದಿಟ್ಟ ಚೀಟಿಯ ಮೇಲೆ
ಮೊದಲ ವಾರವೇ ಅವಳ ಪೆನ್ಸಿಲ್ಲು ಓಡಿತ್ತು:
'ದಯವಿಟ್ಟು ನಾಳೆ ಎರಡು ಸೀಸೆ ಹಾಲು ಕೊಡಿ'
ಅನ್ನುವುದರಲ್ಲಿ ಉಳಿದದ್ದು 'ಎರಡು'.
ಸಿಟ್ಟು ಬಂತು. ಬಾಡಿಗೆ ಕೊಡುವವಳು ನಾನು,
ನನ್ನ ವಿನಯಕ್ಕೂ ಇವಳ ಅಪ್ಪಣೆಯೇ?

ಆಮೇಲೆ ತಿಳಿಯಿತು, ಹಿಲ್ಡಾ ಥ್ರಸೆಲ್‌ಗೆ ಅದು ಕಸುಬು.
ಯುದ್ಧ ಮುಗಿದ ಚಳಿಗಾಲದಿಂದ ಹದಿನಾಲ್ಕು ವರ್ಷ
ರಸ್ತೆಯಾಚೆಯ ಸ್ಟುಡಿಯೋದಲ್ಲಿ, ಬಾಯ್ಲರಿನ ಪಕ್ಕದ ಗೂಡಲ್ಲಿ ಕೂತು
ಗಂಡಸರು ಬರೆದ ಚಿತ್ರಕಥೆಗಳಿಗೆ
ಹೆಂಗಸರ ಮಾತು ಬರೆದವಳು.
ನಾಯಕಿ ಬಾಯಿ ತೆರೆಯುವ ಪುಟಗಳಷ್ಟೇ ಇವಳ ಮೇಜಿಗೆ.
ಕಥೆ ಎಲ್ಲಿ ಶುರು, ಎಲ್ಲಿ ಕೊನೆ, ಕೇಳುವಂತಿಲ್ಲ,
ಪಂಕ್ತಿಯುದ್ದಕ್ಕೂ ಬರೀ ಉಪ್ಪು ಬಡಿಸುತ್ತಾ ಹೋದ ಹಾಗೆ.

ಮೂವತ್ತೊಂದು ಚಿತ್ರ. ಹೆಸರು ಬಂದದ್ದು ನಾಲ್ಕರಲ್ಲಿ,
ಅದೂ ವಿಗ್ ಮಾಡಿದವನ ಕೆಳಗೆ, ಸಣ್ಣಕ್ಷರದಲ್ಲಿ:
ಹೆಚ್ಚುವರಿ ಸಂಭಾಷಣೆ.
'ಹೆಚ್ಚಿಗೆ ನಾನೇನು ಬರೆದೆ, ಸಿಸ್ಟರ್?
ಮಾಡಿದ್ದೆಲ್ಲಾ ಕಮ್ಮಿ ಮಾಡಿದ್ದೇ.'
ನಗು ಕೆಮ್ಮಾಗುತ್ತಿತ್ತು, ಕೆಮ್ಮಿಗೊಂದು ಸಿಗರೇಟು.

ಐವತ್ತೊಂದರಲ್ಲಿ ಒಂದು ದೃಶ್ಯ:
ಇನ್ನು ಬಾರದ ಗಂಡ ಹೊಸ್ತಿಲಲ್ಲಿ. ಹೆಂಡತಿಗೆ ಅದು ಗೊತ್ತು.
ನಿರ್ದೇಶಕ ಅವಳಿಗೆ ಹನ್ನೆರಡು ಸಾಲು ಕೊಟ್ಟಿದ್ದ,
ಸಮುದ್ರ, ನಕ್ಷತ್ರ, ಎಲ್ಲಾ ಇತ್ತಂತೆ.
ಹಿಲ್ಡಾ ಅಷ್ಟನ್ನೂ ಹೊಡೆದು ಬರೆದಳು:
'ಕೊಡೆ ಮರೆತಿರಿ.'
ಜನ ಅತ್ತರು. ಪತ್ರಿಕೆಯವರು ಕೇಳಿದ್ದಕ್ಕೆ ನಿರ್ದೇಶಕ
ಸ್ನಾನ ಮಾಡುವಾಗ ಹೊಳೆಯಿತು ಅಂದ.
'ಇರಬಹುದು,' ಅಂದಳು ಹಿಲ್ಡಾ,
'ಅವನು ಸ್ನಾನ ಮಾಡುತ್ತಿದ್ದಾಗಲೇ ನನಗದು ಹೊಳೆದದ್ದು.'

ಎಪ್ಪತ್ಮೂರರ ಒಂದು ಭಾನುವಾರ, ಟೀವಿಯಲ್ಲಿ ಅದೇ ಚಿತ್ರ.
ನಾನು ನಿದ್ದೆಗೆಟ್ಟ ಕಣ್ಣಲ್ಲಿ, ಅವಳು ಕನ್ನಡಕ ಒರೆಸಿ.
ಹೊಸ್ತಿಲು ಬಂತು. ಹೆಂಡತಿಯ ತುಟಿ ಬಿಚ್ಚಿತು,
ಅಷ್ಟರಲ್ಲಿ ಹಡಗು.
ಜಾಹೀರಾತಿಗೆ ಜಾಗ ಬೇಕಾಗಿ ಯಾರೋ ಕತ್ತರಿಸಿದ್ದರು.
ಅವನ ಕೈಯಲ್ಲಿ ಕೊಡೆ ಇತ್ತು,
ಎಲ್ಲಿಂದ ಬಂತೋ, ಕೇಳುವವರಿಲ್ಲ.
'ಒಳ್ಳೇ ಕತ್ತರಿ,' ಅಂದಳು, 'ಅದೂ ಬೇಕಿರಲಿಲ್ಲ ನೋಡು.'
ಆದರೆ ಬೆಳಗಿನ ಜಾವ ನಾನು ಬಂದಾಗ
ಅಡುಗೆಮನೆಯಲ್ಲಿ ಹಾಗೇ ಕೂತಿದ್ದಳು,
ಕೋಟು ಹಾಕಿಕೊಂಡು, ಒಲೆ ಹಚ್ಚದೆ.

ಒಮ್ಮೆ ಕೇಳಿದಳು: ನಿಮ್ಮಲ್ಲಿ ಹೊರಡುವವರು ಏನನ್ನುತ್ತಾರೆ?
'ಬರ್ತೀನಿ' ಅಂತಾರೆ, ಅಂದೆ.
ಅರ್ಥ ಹೇಳಿದೆ. ಪೆನ್ಸಿಲ್ಲು ಕೆಳಗಿಟ್ಟಳು.
ಕೆಟಲ್ಲು ಕೂಗಿ ಕೂಗಿ ಸುಮ್ಮನಾಗುವ ತನಕ ಮಾತಿಲ್ಲ.
'ನಿಮ್ಮೂರಲ್ಲಿ ನನಗೆ ಕೆಲಸವೇ ಸಿಗುತ್ತಿರಲಿಲ್ಲ, ಸಿಸ್ಟರ್.'

ಸ್ವಂತದ್ದೂ ಒಂದಿತ್ತು, ದುಪ್ಪಟಿಗಳ ಬೀರುವಿನಲ್ಲಿ,
ನೂರ ಹದಿನೆಂಟು ಪುಟ, ಬಟ್ಟೆ ಒಗೆಯುವ ಅಂಗಡಿಯ ಕಥೆ.
ನಿರ್ಮಾಪಕ ವಾಪಸ್ಸು ಕಳಿಸಿದ್ದ, 'ಸದ್ದೇ ಸಾಲದು' ಎಂದು.
ಚಳಿಗಾಲ ಬಂದಾಗಲೆಲ್ಲ ಅದನ್ನು ಹೊರಗೆಳೆದು
ಇನ್ನಷ್ಟು ಹೊಡೆಯುತ್ತಿದ್ದಳು.
ನನಗೆ ಸಿಕ್ಕಿದ್ದು ಹನ್ನೊಂದು ಪುಟ.
ಹೆಂಗಸೊಬ್ಬಳು ಯಾರದೋ ಅಂಗಿ ಇಸ್ತ್ರಿ ಮಾಡುತ್ತಾಳೆ.
ಕಾಲರಿನ ಬಳಿ ಕೈ ಒಂದಿಷ್ಟು ನಿಲ್ಲುತ್ತದೆ.
ಅಷ್ಟೇ. ಎರಡು ಸಲ ಓದಿದೆ.

ಹೋದದ್ದು ನನ್ನ ವಾರ್ಡಿನಲ್ಲಲ್ಲ,
ವಾಟ್‌ಫರ್ಡ್ ಬಸ್ಸಿನಲ್ಲಿ, ಕಿಟಕಿ ಪಕ್ಕ.
ನಿದ್ದೆ ಅಂದುಕೊಂಡು ಕಂಡಕ್ಟರ್
ಕೊನೇ ಸ್ಟಾಪಿನ ತನಕ ಎಬ್ಬಿಸಿರಲಿಲ್ಲ.

ಆ ರಾತ್ರಿ ಹಾಲಿನವನಿಗೆ ಚೀಟಿ ಬರೆದೆ:
'ನಾಳೆಯಿಂದ ಮಿಸ್ ಥ್ರಸೆಲ್‌ಗೆ ಹಾಲು ಬೇಡ.'
ಸುರುಳಿ ಸುತ್ತಿದವಳು ಬಿಚ್ಚಿದೆ.
ನಾಳೆಯಿಂದ, ಹೊಡೆದೆ. ಹೆಸರು ಹೊಡೆಯಲು ಸ್ವಲ್ಪ ಹೊತ್ತು ಹಿಡಿಯಿತು.
ಹಾಲು ಅನ್ನುವುದನ್ನು ಖಾಲಿ ಸೀಸೆಯೇ ಹೇಳುತ್ತದಲ್ಲ.
ಬೇಡ
ಅಂತಷ್ಟೇ ಉಳಿಸಿ, ಮೆಟ್ಟಿಲ ಮೇಲಿಟ್ಟು, ಒಳಗೆ ಬಂದೆ.