ಸೊನ್ನೆ ಮೀಟರ್

ಹಿಮ ಕಾಣದೆಯೇ ಹಿಮ ಓದುತ್ತಿದ್ದೆವು ನಾವು ಮೂವರು
ಕಾರವಾರದಲ್ಲಿ, ಅಕ್ಟೋಬರ್ ಸೆಕೆಯಲ್ಲಿ.
ಬೆವರಿಗೆ ಅಂಟಿದ ನಕಾಶೆ
ಮೊಣಕೈಯಿಂದ ಬಿಡಿಸಿಕೊಂಡರೆ
ಸ್ಪಿತಿಯ ಒಂದು ಕಣಿವೆ ಚರ್ಮದ ಮೇಲೇ ಉಳಿಯುತ್ತಿತ್ತು.

ಮೊದಲು ಕೈ ಪಳಗಲಿ, ಅಂದರು ಮೇಡಂ.
ಎಲ್ಲಿ ಪಳಗಿಸುವುದು?
ಬೈತಖೋಲಿನ ಐಸ್ ಫ್ಯಾಕ್ಟರಿಗೆ ಹೋದೆವು
ದಪ್ಪ ಜಾಕೆಟ್ ಹೊತ್ತು, ರಿಕ್ಷಾದವ ನಗುವ ಹಾಗೆ.

ಪುರ್ಸು ತಾಂಡೇಲ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಕ್ರಷರ್ ಚಾಲೂ ಮಾಡಿದ.
ಕಿರುಚುತ್ತ ಕಿರುಚುತ್ತ ಪುಡಿಯಾಗಿ ಬಿತ್ತು ಐಸು,
ಸೊಂಟದೆತ್ತರ.
ಅದೇ ನಮ್ಮ ಮೊದಲ ಪರ್ವತ,
ಬಂಗಡೆ ನಾತದ್ದು.

ಗೋಡೆ ಕಡಿದೆವು, ನೆಟ್ಟಗೆ.
ಹತ್ತು ಸೆಂಟಿಮೀಟರಿಗೊಮ್ಮೆ ಥರ್ಮಾಮೀಟರ್ ಚುಚ್ಚಿದೆವು.
ಮುಷ್ಟಿ ಹೋದರೆ ಮೆದು. ಇಲ್ಲವೋ, ನಾಲ್ಕು ಬೆರಳು.
ಆಮೇಲೆ ಒಂದೇ ಬೆರಳು, ಆಮೇಲೆ ಪೆನ್ಸಿಲ್,
ಅದೂ ಹೋಗದಿದ್ದರೆ ಚಾಕು.
ಗಟ್ಟಿತನಕ್ಕೆ ಇಷ್ಟೇ ಅಳತೆ.
"ಹಾಸ್ಟೆಲ್ ಚಪಾತಿಗೂ ಇದೇ ಸಾಕು" ಅಂದಳು ರುಫೈದಾ.

ನೋಡುತ್ತ ನಿಂತಿದ್ದ ಪುರ್ಸು ಬಾಯಿ ಬಿಟ್ಟ:
"ಎಂಥದ್ದೇ ಗೋ ಇದು?
ಬೋಟಿನ ಹೊಟ್ಟೆಗೆ ಇಳಿದಿದ್ರೆ ಆಗ್ತಿತ್ತಲ್ಲ.
ಅಡಿಗೆ ಮೊದಲ ದಿನದ ಮೀನು, ಮೊದಲ ದಿನದ ಐಸು.
ಮೇಲೆ ನಿನ್ನೆದು.
ತೋಡಿದ ಹಾಗೆ ದಿನ ಹಿಂದೆ ಹೋಗ್ತದೆ.
ಯಾವ ದಿನ ಬಲೆ ಖಾಲಿ ಬಂತು
ಕೈ ಹಾಕಿಯೇ ಹೇಳ್ತೆ ನಾನು."

ಬರೆದುಕೊಂಡೆ ಅದನ್ನೂ,
ಷರಾ ಎಂಬ ಕೊನೆಯ ಕಾಲಮ್ಮಿನಲ್ಲಿ.

ಮಾರ್ಚಿನಲ್ಲಿ ನಿಜವಾದದ್ದು ಸಿಕ್ಕಿತು.
ಅದಕ್ಕೆ ವಾಸನೆಯೇ ಇರಲಿಲ್ಲ.
ಮೊದಲು ಹೆದರಿದ್ದು ಅದಕ್ಕೇ.
ಪೆನ್ನು ಹೆಪ್ಪುಗಟ್ಟಿತು, ಬೆರಳು ಕೇಳಿದ ಮಾತು ಕೇಳಲಿಲ್ಲ.
ಎದೆಮಟ್ಟದ ಗುಂಡಿಯಲ್ಲಿ ಮಂಡಿಯೂರಿ
ಮಸೂರ ಹಿಡಿದರೆ, ತಳದಲ್ಲಿ
ಒಂದನ್ನೊಂದು ಮುಟ್ಟಲೊಲ್ಲದ ದಪ್ಪ ಹರಳು.
ಸಾಣಿಕಟ್ಟೆಯ ಆಗರದಲ್ಲಿ ಅಜ್ಜಿ
ಬುಟ್ಟಿಗೆ ಬಳಿಯುತ್ತಿದ್ದ ಉಪ್ಪಿನ ಹಾಗೆ.
"ಇಡೀ ಇಳಿಜಾರು ಇದರ ಮೇಲೆ ನಿಂತಿದೆ"
ಎನ್ನುತ್ತ ತೆಂಜಿನ್ ಅಲ್ಲೇ ಚಹಾ ಬಗ್ಗಿಸಿದ.

ನಾಲ್ಕು ಸಾವಿರದ ನೂರ ಹನ್ನೆರಡು ಮೀಟರ್,
ಜೋರಾಗಿ ಓದಿದೆ.
"ಎಲ್ಲಿಂದ?" ಕೇಳಿದಳು ಅವನ ತಂಗಿ, ಹತ್ತು ವರ್ಷದವಳು.
ಸಮುದ್ರದಿಂದ.
"ಯಾವ ಸಮುದ್ರ?"

ನನ್ನ ಹರಕು ಹಿಂದಿಯಲ್ಲಿ ಹೇಳಿದೆ:
ಹಿಂದೆ ಸರ್ವೆಯವರು ಒಂಬತ್ತು ಬಂದರಲ್ಲಿ ಕೂತು
ವರ್ಷಗಟ್ಟಲೆ ಭರತ ಇಳಿತ ಬರೆದು ಸರಾಸರಿ ತೆಗೆದರು,
ಇದೇ ಸೊನ್ನೆ ಅಂದರು.
ದೇಶದ ಬೆಟ್ಟಗಳ ಎತ್ತರವೆಲ್ಲ ಅಲ್ಲಿಂದ.
ಒಂಬತ್ತರಲ್ಲಿ ಒಂದು ನಮ್ಮೂರು, ಕಾರವಾರ.

ಹುಡುಗಿ ಯೋಚಿಸಿದಳು.
"ಸೊನ್ನೆ ಅಂದರೆ... ನಿಮ್ಮೂರಲ್ಲಿ ಏನೂ ಇಲ್ಲವಾ?"

ಏಳನೆಯ ರಾತ್ರಿ ಇಳಿಜಾರು ಜಾರಿತು.
ಸದ್ದು ಆಮೇಲೆ ಬಂತು.
ಗುಡಾರದಲ್ಲಿ ಒಬ್ಬರ ಹೆಸರೊಬ್ಬರು ಕೂಗಿ
ಎಣಿಸಿಕೊಂಡೆವು; ಎಲ್ಲರೂ ಇದ್ದೆವು.
ಬೆಳಿಗ್ಗೆ ಮೂವತ್ತೊಂದನೆಯ ಗುರುತು ಇರಬೇಕಾದಲ್ಲಿ
ಬರೀ ಆಕಾಶ ಇತ್ತು.

ಈಗ ಜೂನ್. ಬೋಟುಗಳು ದಡ ಹಿಡಿದಿವೆ,
ಕ್ರಷರಿನ ಹಲ್ಲಿಗೆ ಗ್ರೀಸ್ ಬಳಿಯುತ್ತಿದ್ದಾನೆ ಪುರ್ಸು.
ಫ್ಯಾಕ್ಟರಿಯ ಜಗುಲಿಯಲ್ಲಿ ನಕಾಶೆ ಹರಡಿದೆ.
ಕೈ ಒರೆಸಿಕೊಂಡು, ಗೆರೆ ನಿಂತುಹೋದ ಕಡೆ
ಬೆರಳಿಟ್ಟ:
"ಇಲ್ಲಿ ಖಾಲಿ ಬಂತಾ?"

ಹ್ಞೂಂ ಅಂದೆ.
ಬೀಡಿ ಹಚ್ಚಿದ. ಮತ್ತೇನೂ ಕೇಳಲಿಲ್ಲ.

ಸಂಜೆ ಅಲೆಯ ಅಂಚಿನಲ್ಲಿ ನಿಂತು
ಜಿಪಿಎಸ್ ಒತ್ತಿ ನೋಡುತ್ತೇನೆ:
ಮೈನಸ್ ನಾಲ್ಕು.
ಯಂತ್ರದ ಲೆಕ್ಕದಲ್ಲಿ ನಾನು ಮುಳುಗಿದ್ದೇನೆ.
ಚಪ್ಪಲಿ ಮಾತ್ರ ಒದ್ದೆ.